ಬೆಳೆಸಿ ನೋಡಿದ ಸ್ನೋಡ್ರಾಪ್ ತಳಿಗಳು: ಯಾವುದು ಗುರುತು ಸಿಗುತ್ತೆ, ಯಾವುದು ಹಬ್ಬುತ್ತೆ?

ಸ್ನೋಡ್ರಾಪ್ ಅಂದರೆ ಚಳಿ ದೇಶಗಳಲ್ಲಿ ಚಳಿಗಾಲದಲ್ಲಿ ಅರಳುವ, ಗೆಡ್ಡೆಯಿಂದ ಬೆಳೆಯುವ ಪುಟ್ಟ ಬಿಳಿ ಹೂ. ಅದೆಲ್ಲಾ ಒಂದೇ ಥರ ಇರುತ್ತಲ್ವಾ, ಅದರಲ್ಲಿ ತಳಿ ಅಂತ ಬೇರೆ ಏನು ಅಂತ ಕೇಳುವವರು ಜಾಸ್ತಿ. ಮೇಲ್ನೋಟಕ್ಕೆ ಅದು ನಿಜ. ಮೂರು ಹೊರ ಎಸಳು, ಮೂರು ಚಿಕ್ಕ ಒಳ ಎಸಳು, ಒಳ ಎಸಳಿನ ತುದಿಯಲ್ಲಿ ಒಂದು ಹಸಿರು ಗುರುತು. ಆದರೂ ಹೆಸರಿಟ್ಟ ತಳಿಗಳೇ ಸಾವಿರಕ್ಕೂ ಹೆಚ್ಚಿವೆ, ಫೋಟೋ ನೋಡುತ್ತಾ ಕೂತರೆ ಎಲ್ಲವೂ ಬೇಕು ಅನಿಸುತ್ತದೆ. ನಾನು ಕೆಲವನ್ನು ಅಕ್ಕಪಕ್ಕ ನೆಟ್ಟು ಹಲವು ಚಳಿಗಾಲ ನೋಡಿದ್ದೇನೆ. ಎರಡು ವಿಷಯ ಮಾತ್ರ ಅಳೆದೆ: ಲೇಬಲ್ ಇಲ್ಲದಿದ್ದರೂ ಗುರುತು ಹಿಡಿಯಬಹುದಾ, ಮತ್ತು ಹೆಚ್ಚು ಉಪಚಾರ ಇಲ್ಲದೆ ತಾನಾಗಿ ಗುಂಪು ಕಟ್ಟುತ್ತದಾ. ಇವೆರಡೂ ಇಲ್ಲದ ತಳಿ ಎಷ್ಟೇ ಅಪರೂಪದ್ದಾದರೂ ನನಗೆ ಬೇಡ.

ಹೂವಿಗಿಂತ ಮೊದಲು ಎಲೆ ನೋಡಿ. ಬಗ್ಗಿ, ಎಲೆ ನೆಲದಿಂದ ಹೊರಬರುವ ಜಾಗವನ್ನೇ ನೋಡಬೇಕು. ಸ್ನೋಡ್ರಾಪ್‌ನ ಜಾತಿಗಳಲ್ಲಿ ಒಂದಾದ ನಿವಾಲಿಸ್‌ನಲ್ಲಿ ಎರಡು ಎಲೆ ಕೈ ಮುಗಿದ ಹಾಗೆ ಚಪ್ಪಟೆಯಾಗಿ ಒಂದಕ್ಕೊಂದು ಅಂಟಿಕೊಂಡಿರುತ್ತವೆ. ಎಲ್ವೆಸಿ ಜಾತಿಯಲ್ಲಿ ಒಂದು ಎಲೆ ಇನ್ನೊಂದನ್ನು ಬುಡದಲ್ಲಿ ಸುತ್ತಿಕೊಂಡಿರುತ್ತದೆ, ಎಲೆಯೂ ಅಗಲ, ಬಣ್ಣ ಬೂದು ಬೆರೆತ ಹಸಿರು. ಪ್ಲಿಕೇಟಸ್ ಆದರೆ ಎಲೆಯ ಎರಡೂ ಅಂಚು ಹಿಂದಕ್ಕೆ ಮಡಚಿರುತ್ತವೆ, ಕಣ್ಣಿಗೆ ಕಾಣದಿದ್ದರೂ ಹಿಂಬದಿಗೆ ಬೆರಳಾಡಿಸಿದರೆ ಆ ಮಡಿಕೆ ಸಿಕ್ಕೇ ಸಿಗುತ್ತದೆ. ವೊರೊನೋವಿ ಎಲೆಗೆ ಬೂದು ಇಲ್ಲ, ಹೊಳೆಯುವ ಹಸಿರು. ಇಷ್ಟು ಗೊತ್ತಾದರೆ ಅರ್ಧ ಕೆಲಸ ಮುಗಿಯಿತು. ತಪ್ಪು ಹೆಸರಿನಲ್ಲಿ ಬಂದ ಎಷ್ಟೋ ಗೆಡ್ಡೆಗಳು ಹೂ ಬಿಡುವ ಮೊದಲೇ ಎಲೆಯಲ್ಲೇ ಸಿಕ್ಕಿಬೀಳುತ್ತವೆ.

ಮೊದಲು ಎತ್ತರದ ಮೂವರು: ಆಟ್ಕಿನ್ಸಿ, ಮ್ಯಾಗ್ನೆಟ್, ಎಸ್. ಆರ್ನಾಟ್. ಮೂರೂ ಹಳೆಯ ತಳಿಗಳು, ಮೂರೂ ಗಟ್ಟಿ. ಆಟ್ಕಿನ್ಸಿ ಎಲ್ಲಕ್ಕಿಂತ ಮುಂಚೆ, ಜನವರಿಯಲ್ಲೇ ಬರುತ್ತದೆ, ಎಸಳು ಉದ್ದ, ಸಪೂರ. ಅದೇ ಹೆಸರಲ್ಲಿ ತಂದ ಗುಂಪಿನಲ್ಲಿ ಎಸಳು ಅಡ್ಡಾದಿಡ್ಡಿಯಾಗಿ ಬರುತ್ತಿದ್ದರೆ ಅದು ಬಹುಶಃ ಜೇಮ್ಸ್ ಬ್ಯಾಕ್‌ಹೌಸ್ ಎಂಬ ಇನ್ನೊಂದು ತಳಿ, ಇವೆರಡೂ ತುಂಬಾ ಬೆರೆತುಹೋಗಿವೆ. ಮ್ಯಾಗ್ನೆಟ್ ಅನ್ನು ಗುರುತಿಸಲು ಬಗ್ಗುವುದೇ ಬೇಡ. ಹೂವಿನ ತೊಟ್ಟು ಮಾಮೂಲಿಗಿಂತ ಬಹಳ ಉದ್ದ, ತೆಳ್ಳಗೆ ಬಾಗಿರುತ್ತದೆ, ಸ್ವಲ್ಪ ಗಾಳಿ ಬಂದರೆ ಸಾಕು, ಪಕ್ಕದ ತಳಿಗಳು ಸುಮ್ನೆ ನಿಂತಿರುವಾಗ ಇದೊಂದೇ ತೂಗಾಡುತ್ತದೆ. ಆರ್ನಾಟ್ ತೊಟ್ಟು ಗಿಡ್ಡ, ಹೂ ದುಂಡಗೆ ತುಂಬಿಕೊಂಡಿರುತ್ತದೆ, ಆಮೇಲೆ ಅದರ ಪರಿಮಳ! ಬಿಸಿಲು ಬಿದ್ದು ಹತ್ತು ಡಿಗ್ರಿ ದಾಟಿ ಎಸಳು ಅಗಲವಾಗಿ ಬಿಚ್ಚಿಕೊಂಡಾಗ ಜೇನಿನ ವಾಸನೆ ನಿಂತಲ್ಲಿಗೇ ಬರುತ್ತದೆ. ಸ್ಕಾಟ್ಲೆಂಡಿನ ಡಮ್ಫ್ರೀಸ್ ಕಡೆಯ ಸ್ಯಾಮ್ಯುಯೆಲ್ ಆರ್ನಾಟ್ ಕಳಿಸಿಕೊಟ್ಟಿದ್ದನ್ನು ಸಸ್ಯಶಾಸ್ತ್ರಜ್ಞ ಹೆನ್ರಿ ಎಲ್ವೆಸ್ ಇಂಗ್ಲೆಂಡಿನ ತಮ್ಮ ಕೋಲ್ಸ್‌ಬೋರ್ನ್ ತೋಟದಲ್ಲಿ ಬೆಳೆಸಿದರು. ಎಲ್ವೆಸಿ ಜಾತಿಗೆ ಹೆಸರು ಬಂದಿದ್ದೂ ಇದೇ ಎಲ್ವೆಸ್‌ರಿಂದ. ಒಂದೇ ಒಂದು ತಳಿ ನೆಡುವಷ್ಟು ಜಾಗ ಇದ್ದರೆ ಆರ್ನಾಟ್ ನೆಡಿ, ಇದರಲ್ಲಿ ನನಗೆ ಎರಡನೇ ಮಾತಿಲ್ಲ. ಎರಡೇ ಗೆಡ್ಡೆ ಇಟ್ಟರೂ ಕೆಲವು ವರ್ಷದಲ್ಲಿ ದಟ್ಟ ಗುಂಪಾಗುತ್ತದೆ.

ಹೊರ ಎಸಳಿನಲ್ಲೂ ಹಸಿರು ಇರುವ ತಳಿಗಳಲ್ಲಿ ವಿರಿಡಾಪಿಸ್ ಮತ್ತು ಟ್ರಿಮ್ ಅನ್ನು ಹೋಲಿಸಿದೆ. ವಿರಿಡಾಪಿಸ್ ಹೊರ ಎಸಳಿನ ತುದಿಗೆ ಮಾತ್ರ ಹಸಿರು ತಾಗಿಸಿದಂತಿರುತ್ತದೆ, ಹೂವಿನ ಮೇಲೆ ದೊಡ್ಡ ಹಸಿರು ಹೊದಿಕೆ ಎದ್ದು ನಿಲ್ಲುತ್ತದೆ. ಚೆನ್ನಾಗಿ ಹಬ್ಬುತ್ತದೆ, ಯಾವ ರಗಳೆಯೂ ಇಲ್ಲ. ಟ್ರಿಮ್ ಬೇರೆಯೇ ಲೋಕ. ಅದರ ಹೊರ ಎಸಳು ಒಳ ಎಸಳಿನ ಆಕಾರವನ್ನೇ ತಾಳಿರುತ್ತದೆ, ತುದಿಯಲ್ಲಿ ಸೀಳು, ಅದರ ಮೇಲೆ ದಪ್ಪ ಹಸಿರು ಗುರುತು, ಎಸಳೆಲ್ಲ ಹೊರಕ್ಕೆ ಬಾಗಿ ನಿಂತಿರುತ್ತವೆ. ಒಮ್ಮೆ ನೋಡಿದರೆ ಮರೆಯಲ್ಲ. ಆದರೆ ಒಂದು ಎಚ್ಚರಿಕೆ, ಟ್ರಿಮ್ ಬೀಜದಿಂದ ಹುಟ್ಟಿದ ಗಿಡಗಳು ತಾಯಿಯನ್ನೇ ಹೋಲುತ್ತವೆ. ಬೀಜ ಉದುರಲು ಬಿಟ್ಟರೆ ಒಂದೇ ಗುಂಪಿನಲ್ಲಿ ಅಸಲಿ ಯಾವುದು, ಮರಿ ಯಾವುದು ಅಂತ ಹೇಳಲು ಆಗುವುದೇ ಇಲ್ಲ. ಹೂ ಬಾಡಿದ ತಕ್ಷಣ ಬೀಜದ ಕಾಯಿ ಚಿವುಟಿಬಿಡುತ್ತೇನೆ. ಅಲ್ಲದೆ ಈ ಬೀಜಕ್ಕೆ ಇರುವೆಗಳಿಗೆ ಪ್ರಿಯವಾದ ಒಂದು ಚೂರು ಅಂಟಿಕೊಂಡಿರುತ್ತದೆ, ಅವು ಎಲ್ಲಿಗೆ ಹೊತ್ತುಕೊಂಡು ಹೋಗುತ್ತವೋ ಗೊತ್ತಾಗಲ್ಲ.

ಹಳದಿ ತಳಿಗಳ ಹಿಂದೆ ಜನ ಬೀಳುವುದು ಅರ್ಥವಾಗುತ್ತದೆ. ಒಳ ಎಸಳಿನ ಗುರುತೂ ಹಳದಿ, ಎಸಳಿನ ಮೇಲಿರುವ ಅಂಡಾಶಯವೂ ಹಳದಿ. ಇಂಗ್ಲೆಂಡಿನ ನಾರ್ತಂಬರ್‌ಲೆಂಡ್ ಕಡೆಯಿಂದ ಬಂದ ಸ್ಯಾಂಡರ್ಸಿ ನಿವಾಲಿಸ್ ಗುಂಪಿನದು, ಸಣ್ಣದು, ತುಂಬಾ ಮುದ್ದು, ಆದರೆ ನಾಜೂಕು. ಗುಂಪಾಗುವುದು ಹಾಗಿರಲಿ, ಇದ್ದಷ್ಟು ಉಳಿಸಿಕೊಂಡರೆ ಸಾಕು. ಕೇಂಬ್ರಿಡ್ಜ್ ಹತ್ತಿರದ ವಾಂಡಲ್‌ಬರಿಯಲ್ಲಿ ಸಿಕ್ಕ ವೆಂಡೀಸ್ ಗೋಲ್ಡ್ ಪ್ಲಿಕೇಟಸ್ ಜಾತಿ, ಎಲೆ ಅಗಲ, ಹೂ ದೊಡ್ಡದು, ಮಣ್ಣಲ್ಲಿ ನೀರು ನಿಲ್ಲದಿದ್ದರೆ ಆರಾಮಾಗಿ ಹೆಚ್ಚುತ್ತದೆ. ಇವೆರಡರಲ್ಲಿ ಯಾವುದು ಅಂತ ಅನುಮಾನ ಬಂದರೆ ಎಲೆಯ ಅಂಚು ಮುಟ್ಟಿ ನೋಡಿ, ಉತ್ತರ ಅಲ್ಲೇ ಇದೆ. ಎರಡಕ್ಕೂ ಬೆಳಕು ಬೇಕು, ತೀರಾ ನೆರಳಲ್ಲಿ ಹಳದಿ ಹೋಗಿ ಎಳೆ ಹಸಿರಾಗುತ್ತದೆ. ಲೇಡಿ ಎಲ್ಫಿನ್‌ಸ್ಟೋನ್ ಹಳದಿ ಗುರುತಿನ ಸುತ್ತು ಹೂ, ಅಂದರೆ ಎಸಳುಗಳು ಪದರ ಪದರವಾಗಿರುವ ಹೂ. ಜಾಗ ಬದಲಿಸಿದ ಮೇಲೆ ಒಂದೆರಡು ವರ್ಷ ಹಸಿರಾಗಿಯೇ ಬರುವುದು ಅದರ ಸ್ವಭಾವ. ಮೋಸ ಹೋದೆ ಅಂದುಕೊಂಡು ಕಿತ್ತು ಎಸೆಯಬೇಡಿ, ಕಾಯಿರಿ. ನನ್ನ ಆಯ್ಕೆ ವೆಂಡೀಸ್ ಗೋಲ್ಡ್.

ಸುತ್ತು ಹೂಗಳ ಬಗ್ಗೆ ಸಣ್ಣದಾಗಿ ಹೇಳುತ್ತೇನೆ. ಫ್ಲೋರೆ ಪ್ಲೆನೋ ಬೀಜ ಕಟ್ಟದಿದ್ದರೂ ಮರಿಗೆಡ್ಡೆಗಳಿಂದಲೇ ಎಲ್ಲ ಕಡೆ ಹಬ್ಬುತ್ತದೆ, ಒಳ ಎಸಳು ಕಲಸಿಹೋದಂತಿರುತ್ತದೆ. ಅದರ ಪರಾಗವನ್ನು ಪ್ಲಿಕೇಟಸ್‌ಗೆ ಸೇರಿಸಿ ಹೇರಿಕ್ ಗ್ರೇಟೊರೆಕ್ಸ್ ನಾರ್ಫೋಕ್‌ನಲ್ಲಿ ಪಡೆದ ಹಿಪ್ಪಾಲಿಟಾ ತುಂಬಾ ಅಚ್ಚುಕಟ್ಟು. ಆದರೆ ಅವರದೇ ಒಫೀಲಿಯಾ, ಜಾಕ್ವೆನೆಟ್ಟಾ, ಡಯೋನೈಸಸ್ ಜೊತೆ ಇಟ್ಟರೆ ಗುರುತು ಹಿಡಿಯುವುದು ನಿಜಕ್ಕೂ ಕಷ್ಟ. ಹೂವಿನ ಕೆಳಗೆ ಚಿಕ್ಕ ಕನ್ನಡಿ ಹಿಡಿದು, ಒಳ ಎಸಳು ಎಷ್ಟು ಸಮವಾಗಿ ಜೋಡಿಸಿದೆ, ಹಸಿರು ಗುರುತು ಯಾವ ಆಕಾರದಲ್ಲಿದೆ ಅಂತ ನೋಡುತ್ತೇನೆ. ಹಾಗೆ ನೋಡಿದರೂ ಖಚಿತವಾಗಿ ಹೇಳಲು ಆಗದ ಗಿಡಗಳಿವೆ, ಅವಕ್ಕೆ ಹೆಸರು ಕೊಡದೆ ಬಿಡುವುದೇ ಸರಿ.

ಬೆಳೆಸುವ ವಿಷಯಕ್ಕೆ ಬಂದರೆ, ಒಣಗಿದ ಗೆಡ್ಡೆಗಿಂತ ಎಲೆ ಹಸಿರಾಗಿರುವಾಗಲೇ ಕಿತ್ತು ನೆಟ್ಟಿದ್ದು ನನ್ನಲ್ಲಿ ಚೆನ್ನಾಗಿ ಹಿಡಿದಿದೆ. ಎಲೆ ತಾನಾಗಿ ಹಳದಿಯಾಗುವವರೆಗೆ ಕತ್ತರಿಸಬಾರದು, ಮುಂದಿನ ವರ್ಷದ ಹೂವಿಗೆ ಬೇಕಾದ ಶಕ್ತಿ ಗೆಡ್ಡೆಗೆ ಸೇರುವುದು ಆಗಲೇ. ಗುಂಪು ತೀರಾ ದಟ್ಟವಾದರೆ ಬಿಡಿಸಿ ನೆಡಿ, ಇಲ್ಲದಿದ್ದರೆ ಹೂ ಕಡಿಮೆಯಾಗುತ್ತದೆ. ಚಿಗುರಿನ ಮೇಲೆ ಬೂದು ಬೂಷ್ಟು ಕಂಡರೆ ಆ ಗೆಡ್ಡೆ ಸುತ್ತಲಿನ ಮಣ್ಣಿನ ಸಮೇತ ಹೊರಹೋಗಬೇಕು, ಕನಿಕರ ಬೇಡ. ಗೆಡ್ಡೆ ವಿಷ, ಮಕ್ಕಳ ಕೈಗೆ ಸಿಗದಿರಲಿ. ಇನ್ನು ಅಪರೂಪದ ತಳಿಯನ್ನು ಎಂದೂ ಒಂದೇ ಕಡೆ ಇಡಬೇಡಿ. ಎರಡು ಗೆಡ್ಡೆ ಆದ ಕೂಡಲೇ ಒಂದನ್ನು ತೋಟದ ಇನ್ನೊಂದು ಮೂಲೆಗೆ ಹಾಕಿ, ಎಲ್ಲಿ ಯಾವುದಿದೆ ಅಂತ ಕಾಗದದ ಮೇಲೆ ನಕ್ಷೆ ಬರೆದಿಡಿ. ಲೇಬಲ್‌ಗಳನ್ನು ಹಕ್ಕಿಗಳು ಕಿತ್ತು ಹಾಕುತ್ತಲೇ ಇರುತ್ತವೆ.