ವಾದಕ್ಕೆ ಇಳಿಯುವ ಮುನ್ನ ಓದಬೇಕಾದ ಕಾಗದ: ಆಯೋಗದ ಅಫಿಡವಿಟ್ ಪೋರ್ಟಲ್ ಮತ್ತು ಮೈನೇತಾ

ಚುನಾವಣೆಯ ಕಾಲದಲ್ಲಿ ಎದುರಾಳಿ ಅಭ್ಯರ್ಥಿಯ ಬೆಂಬಲಿಗರೊಂದಿಗೆ ಫೇಸ್‌ಬುಕ್ಕಿನಲ್ಲೋ, ಎಕ್ಸ್‌ನಲ್ಲೋ, ಊರಿನ ವಾಟ್ಸ್‌ಆ್ಯಪ್ ಗುಂಪಿನಲ್ಲೋ ವಾದಕ್ಕೆ ಇಳಿಯುವವರು ಮೊದಲು ತೆರೆಯಬೇಕಾದ ಸೇವೆಗಳು ಎರಡು: ಭಾರತ ಚುನಾವಣಾ ಆಯೋಗದ ಅಫಿಡವಿಟ್ ಪೋರ್ಟಲ್ ಮತ್ತು ಅಸೋಸಿಯೇಷನ್ ಫಾರ್ ಡೆಮಾಕ್ರಟಿಕ್ ರಿಫಾರ್ಮ್ಸ್, ಅಂದರೆ ಎಡಿಆರ್ ಸಂಸ್ಥೆ ನಡೆಸುವ ಮೈನೇತಾ ಜಾಲತಾಣ. ಎರಡೂ ಉಚಿತ. 2023ರ ವಿಧಾನಸಭಾ ಚುನಾವಣೆಯಲ್ಲೂ 2024ರ ಲೋಕಸಭಾ ಚುನಾವಣೆಯಲ್ಲೂ ನಾನು ಇವನ್ನು ಬಳಸಿದ್ದೇನೆ. ನಮ್ಮ ಮಾತನ್ನು ನಂಬಲು ಸಿದ್ಧರಿಲ್ಲದವರ ಮುಂದೆ ಇಡಬಹುದಾದ ಆಧಾರ ಇವುಗಳಲ್ಲಿ ಎಷ್ಟು ಸಿಗುತ್ತದೆ ಎಂಬ ಒಂದೇ ಪ್ರಶ್ನೆಯನ್ನು ಇಟ್ಟುಕೊಂಡು ಇಲ್ಲಿ ಅವುಗಳ ಬೆಲೆ ಕಟ್ಟುತ್ತಿದ್ದೇನೆ.

ಇಂಥ ವಾದಗಳಲ್ಲಿ ಪತ್ರಿಕೆಯ ವರದಿಯನ್ನು ಇಟ್ಟರೆ ಆ ಪತ್ರಿಕೆ ಯಾರ ಪರ ಎಂಬ ಮಾತು ಬರುತ್ತದೆ, ಟಿವಿಯ ತುಣುಕನ್ನು ಇಟ್ಟರೆ ಅದನ್ನು ತಿರುಚಲಾಗಿದೆ ಎಂಬ ಉತ್ತರ ಬರುತ್ತದೆ. ನಾಮಪತ್ರದ ಜೊತೆ ಸಲ್ಲಿಸುವ ನಮೂನೆ 26ರ ಪ್ರಮಾಣಪತ್ರಕ್ಕೆ, ಅಂದರೆ ಅಫಿಡವಿಟ್‌ಗೆ, ಈ ಉತ್ತರಗಳು ತಟ್ಟುವುದಿಲ್ಲ, ಏಕೆಂದರೆ ಅದು ಅವರು ಬೆಂಬಲಿಸುವ ಅಭ್ಯರ್ಥಿಯೇ ನೋಟರಿಯ ಅಥವಾ ಮ್ಯಾಜಿಸ್ಟ್ರೇಟರ ಮುಂದೆ ಪ್ರಮಾಣ ಮಾಡಿ ಸಹಿ ಹಾಕಿದ ಕಾಗದ. ಈ ಹಕ್ಕು ನಮಗೆ ಸುಲಭವಾಗಿ ಬಂದದ್ದೂ ಅಲ್ಲ. ಅಹಮದಾಬಾದಿನ ಐಐಎಂನ ಪ್ರಾಧ್ಯಾಪಕರು ಕೂಡಿ ಕಟ್ಟಿದ ಎಡಿಆರ್ 1999ರಲ್ಲಿ ದೆಹಲಿ ಹೈಕೋರ್ಟಿಗೆ ಹೋಯಿತು. 2002ರ ಮೇ 2ರಂದು ಸುಪ್ರೀಂ ಕೋರ್ಟ್ ಅಭ್ಯರ್ಥಿಯ ಅಪರಾಧ ಹಿನ್ನೆಲೆ, ಆಸ್ತಿ ಮತ್ತು ವಿದ್ಯಾರ್ಹತೆಯನ್ನು ತಿಳಿಯುವುದು ಮತದಾರನ ಹಕ್ಕು ಎಂದಿತು. ಆ ತೀರ್ಪನ್ನು ನಿಷ್ಫಲಗೊಳಿಸಲು ಜನಪ್ರತಿನಿಧಿ ಕಾಯ್ದೆಗೆ ಸೇರಿಸಿದ 33ಬಿ ಕಲಮನ್ನು 2003ರ ಮಾರ್ಚ್ 13ರಂದು ಅದೇ ನ್ಯಾಯಾಲಯ ರದ್ದುಪಡಿಸಿತು. ಪಕ್ಷಗಳು ಕೊಡಲು ಒಪ್ಪದಿದ್ದ ಮಾಹಿತಿ ಇದು ಎಂಬುದನ್ನು ಬಳಸುವವರು ನೆನಪಿನಲ್ಲಿಡಬೇಕು.

ಆಯೋಗದ ಪೋರ್ಟಲ್‌ನಲ್ಲಿ ಚುನಾವಣೆ, ರಾಜ್ಯ ಮತ್ತು ಕ್ಷೇತ್ರವನ್ನು ಆರಿಸಿದರೆ ಅಭ್ಯರ್ಥಿಗಳ ಪಟ್ಟಿ ತೆರೆದುಕೊಳ್ಳುತ್ತದೆ, ಯಾರ ನಾಮಪತ್ರ ಅಂಗೀಕಾರವಾಯಿತು, ಯಾರದು ತಿರಸ್ಕೃತವಾಯಿತು, ಯಾರು ಹಿಂತೆಗೆದುಕೊಂಡರು ಎಂಬುದೂ ಅಲ್ಲಿಯೇ ಕಾಣುತ್ತದೆ. ಒಬ್ಬ ಅಭ್ಯರ್ಥಿ ಒಂದು ಕ್ಷೇತ್ರದಲ್ಲಿ ನಾಲ್ಕು ನಾಮಪತ್ರಗಳವರೆಗೆ ಸಲ್ಲಿಸಬಹುದಾದ್ದರಿಂದ ಒಂದೇ ಹೆಸರಿನಡಿ ಒಂದಕ್ಕಿಂತ ಹೆಚ್ಚು ಪ್ರಮಾಣಪತ್ರಗಳು ಇರಬಹುದು. ಹೀಗೆ ಎರಡು ಕಾಗದ ಕಂಡೊಡನೆ ಮೋಸ ಬಯಲಾಯಿತೆಂದು ಘೋಷಿಸುವುದು ಅವಸರದ ಮಾತು. ಪ್ರಮಾಣಪತ್ರದೊಳಗೆ ಐದು ವರ್ಷಗಳ ಆದಾಯ ತೆರಿಗೆ ವಿವರ, ಅಭ್ಯರ್ಥಿಯ, ಸಂಗಾತಿಯ ಮತ್ತು ಅವಲಂಬಿತರ ಚರ ಹಾಗೂ ಸ್ಥಿರ ಆಸ್ತಿ, ಸಾಲ, ಸರ್ಕಾರಕ್ಕೆ ಕೊಡಬೇಕಾದ ಬಾಕಿ, ಆದಾಯದ ಮೂಲ, ವಿದ್ಯಾರ್ಹತೆ ಮತ್ತು ಕ್ರಿಮಿನಲ್ ಪ್ರಕರಣಗಳು ಇರುತ್ತವೆ. ಯಾವ ಅಂಕಣವನ್ನೂ ಖಾಲಿ ಬಿಡುವಂತಿಲ್ಲ ಎಂದು 2013ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಆದ್ದರಿಂದ 'ಇಲ್ಲ' ಎಂದು ಬರೆದಿದ್ದರೆ ಅದು ಬರೆಯಲು ಮರೆತದ್ದಲ್ಲ, ಪ್ರಮಾಣ ಮಾಡಿ ಹೇಳಿದ್ದು.

ಮೈನೇತಾ ಇದೇ ಕಾಗದಗಳನ್ನು ಓದಿ ಕೋಷ್ಟಕವಾಗಿ ಇಡುತ್ತದೆ. ಹಳೆಯ ಚುನಾವಣೆಗಳ ವಿವರ ಒಂದೇ ಕಡೆ ಸಿಗುವುದರಿಂದ ಹೋಲಿಕೆಗೆ ಇದಕ್ಕಿಂತ ಅನುಕೂಲವಾದದ್ದು ಇಲ್ಲ. ಆದರೆ ಇದು ಮೂಲವಲ್ಲ, ಮೂಲದ ನಕಲು. ಎದುರಿನವರು ಒಂದು ಸಂಖ್ಯೆಯನ್ನು ಪ್ರಶ್ನಿಸಿದರೆ ಮೈನೇತಾದ ಚಿತ್ರವನ್ನೇ ಮತ್ತೆ ಮತ್ತೆ ಕಳಿಸದೆ ಆಯೋಗದ ಪೋರ್ಟಲ್‌ನಿಂದ ಪ್ರಮಾಣಪತ್ರವನ್ನು ಇಳಿಸಿಕೊಂಡು ಪುಟದ ಸಂಖ್ಯೆಯೊಂದಿಗೆ ಕೊಡಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ.

ಆಸ್ತಿಯ ಅಂಕಣವೇ ಅತಿ ಹೆಚ್ಚು ದುರ್ಬಳಕೆಯಾಗುವ ಭಾಗ. ಬೆಂಗಳೂರು ದಕ್ಷಿಣದ ತೇಜಸ್ವಿ ಸೂರ್ಯ ಅವರು 2019ರಲ್ಲಿ ಸುಮಾರು 13 ಲಕ್ಷ ರೂಪಾಯಿ, 2024ರಲ್ಲಿ ಸುಮಾರು 4.10 ಕೋಟಿ ರೂಪಾಯಿ ಆಸ್ತಿ ಘೋಷಿಸಿದಾಗ ಕಾಂಗ್ರೆಸ್ ಬೆಂಬಲಿಗರು ಆ ಎರಡು ಸಂಖ್ಯೆಗಳನ್ನೇ ಹಿಡಿದು ವಾದಿಸಿದರು. ಕನಕಪುರದ ಡಿ.ಕೆ. ಶಿವಕುಮಾರ್ ಅವರ ಘೋಷಿತ ಆಸ್ತಿ 2018ರ ಸುಮಾರು 840 ಕೋಟಿಯಿಂದ 2023ರಲ್ಲಿ 1,413 ಕೋಟಿಗೆ ಏರಿದ್ದನ್ನು ಬಿಜೆಪಿ ಬೆಂಬಲಿಗರು ಅಷ್ಟೇ ಉತ್ಸಾಹದಿಂದ ಹಂಚಿಕೊಂಡರು. ಎರಡೂ ಸಂಖ್ಯೆಗಳು ಅಭ್ಯರ್ಥಿಗಳೇ ಕೊಟ್ಟವು, ಕೇಳಬೇಕಾದ ಪ್ರಶ್ನೆಗಳನ್ನು ಅವು ಎಬ್ಬಿಸುತ್ತವೆ ಎಂಬುದರಲ್ಲಿ ಸಂದೇಹವಿಲ್ಲ. ಆದರೆ ಏರಿಕೆಯೊಂದೇ ಅಕ್ರಮದ ಸಾಕ್ಷಿಯಲ್ಲ. ಮೊದಲನೆಯದರಲ್ಲಿ ಬಹುಪಾಲು ಷೇರು ಮತ್ತು ಮ್ಯೂಚುವಲ್ ಫಂಡ್, ಎರಡನೆಯದರಲ್ಲಿ ಬಹುಪಾಲು ಸ್ಥಿರಾಸ್ತಿ. ಸ್ಥಿರಾಸ್ತಿಗೆ ಖರೀದಿಯ ಬೆಲೆಯನ್ನಲ್ಲದೆ ಈಗಿನ ಮಾರುಕಟ್ಟೆ ಬೆಲೆಯನ್ನೂ ಬರೆಯಬೇಕಾಗುತ್ತದೆ, ಭೂಮಿಯ ದರ ಏರಿದರೆ ಹೊಸದಾಗಿ ಒಂದು ಗುಂಟೆ ಕೊಳ್ಳದವರ ಆಸ್ತಿಯೂ ಕಾಗದದ ಮೇಲೆ ಬೆಳೆಯುತ್ತದೆ. ಮೈನೇತಾದ ಮೊತ್ತದಲ್ಲಿ ಸಂಗಾತಿ ಮತ್ತು ಅವಲಂಬಿತರ ಪಾಲೂ ಸೇರಿರುತ್ತದೆ. ಆದ್ದರಿಂದ ನ್ಯಾಯವಾದ ವಾದವೆಂದರೆ ಒಟ್ಟು ಮೊತ್ತವನ್ನು ಬದಿಗಿಟ್ಟು, ಹೊಸದಾಗಿ ಸೇರಿದ ಆಸ್ತಿ ಯಾವುದು, ಸ್ವಯಾರ್ಜಿತವೇ ಪಿತ್ರಾರ್ಜಿತವೇ, ಖರೀದಿಯ ದಿನಾಂಕ ಯಾವುದು, ಐದು ವರ್ಷಗಳ ಘೋಷಿತ ಆದಾಯ ಮತ್ತು ಸಾಲ ಅದಕ್ಕೆ ಸಾಕಾಗುತ್ತದೆಯೇ ಎಂದು ಕೇಳುವುದು. ಈ ಪ್ರಶ್ನೆಗಳಿಗೆ ಬೇಕಾದ ಅಂಕಣಗಳೆಲ್ಲ ನಮೂನೆ 26ರಲ್ಲಿಯೇ ಇವೆ. ಇವನ್ನು ನಮ್ಮ ಅಭ್ಯರ್ಥಿಯ ಕಾಗದಕ್ಕೂ ಮೊದಲು ಅನ್ವಯಿಸಿ ನೋಡಿದ್ದರೆ ಎದುರಿನವರ ಮುಂದಿನ ಪ್ರಶ್ನೆಗೆ ತಡವರಿಸಬೇಕಾಗುವುದಿಲ್ಲ.

ಕ್ರಿಮಿನಲ್ ಪ್ರಕರಣಗಳ ವಿಷಯದಲ್ಲಿಯೂ ಬರೀ ಎಣಿಕೆ ದಾರಿ ತಪ್ಪಿಸುತ್ತದೆ. ಪ್ರತಿ ಪ್ರಕರಣಕ್ಕೂ ಎಫ್‌ಐಆರ್ ಸಂಖ್ಯೆ, ಠಾಣೆ, ನ್ಯಾಯಾಲಯ, ಕಲಮುಗಳು ಮತ್ತು ಆರೋಪ ನಿಗದಿಯಾಗಿದೆಯೇ ಎಂಬ ವಿವರ ಇರುತ್ತದೆ, ಶಿಕ್ಷೆಯಾದ ಪ್ರಕರಣಗಳಿಗೆ ಬೇರೆ ಭಾಗವಿದೆ. ರಸ್ತೆ ತಡೆ ಮಾಡಿ ಐಪಿಸಿ 143, 341 ಅಥವಾ 188ನೇ ಕಲಮಿನಡಿ ಹತ್ತು ಪ್ರಕರಣ ಹೊತ್ತ ಚಳವಳಿಗಾರನನ್ನು, ಕೊಲೆ ಯತ್ನದ 307 ಅಥವಾ ವಂಚನೆಯ 420ರಡಿ ಆರೋಪ ನಿಗದಿಯಾದ ಒಂದೇ ಪ್ರಕರಣದ ವ್ಯಕ್ತಿಗಿಂತ ಕೆಳಗಿಡುವ ಲೆಕ್ಕವನ್ನು ಯಾವ ಮತದಾರನೂ ಒಪ್ಪಬಾರದು. ರೈತ ಸಂಘ, ಕಾವೇರಿ ಮತ್ತು ಮಹದಾಯಿ ಹೋರಾಟಗಳ ನಾಡಿನಲ್ಲಿ ಈ ಎಚ್ಚರ ಇನ್ನೂ ಮುಖ್ಯ. 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ ಜಾರಿಗೆ ಬಂದು ಕಲಮುಗಳ ಸಂಖ್ಯೆ ಬದಲಾಗಿರುವುದರಿಂದ ಹೊಸ ಪ್ರಕರಣಗಳಲ್ಲಿ ಕೊಲೆ ಯತ್ನ 109, ವಂಚನೆ 318 ಎಂದು ಕಾಣುತ್ತವೆ. ಹಳೆಯ ಸಂಖ್ಯೆಗಳನ್ನು ಬಾಯಿಪಾಠ ಮಾಡಿಕೊಂಡವರು ಇಲ್ಲಿ ತಪ್ಪುವ ಸಾಧ್ಯತೆ ಹೆಚ್ಚು. ಪ್ರಕರಣದ ಈಗಿನ ಸ್ಥಿತಿಯನ್ನು ಇ-ಕೋರ್ಟ್ಸ್ ಜಾಲತಾಣದಲ್ಲಿ ನೋಡಿದ ಮೇಲೆಯೇ ಮಾತಾಡುವುದು ಒಳ್ಳೆಯದು, ಏಕೆಂದರೆ ಪ್ರಮಾಣಪತ್ರ ಹೇಳುವುದು ನಾಮಪತ್ರ ಸಲ್ಲಿಸಿದ ದಿನದ ಸ್ಥಿತಿಯನ್ನು ಮಾತ್ರ. ಅಭ್ಯರ್ಥಿಯ ವೈಯಕ್ತಿಕ ನಡತೆಯ ಬಗ್ಗೆ ಸುಳ್ಳೆಂದು ತಿಳಿದೂ ಚುನಾವಣೆಯ ಮೇಲೆ ಪ್ರಭಾವ ಬೀರಲು ಹೇಳಿಕೆ ಪ್ರಕಟಿಸುವುದು ಹಿಂದೆ ಐಪಿಸಿ 171ಜಿ ಅಡಿಯಲ್ಲಿ ಅಪರಾಧವಾಗಿತ್ತು, ಈಗ ಸಂಹಿತೆಯ 175ರಡಿ ಅಪರಾಧವಾಗಿದೆ. ಈ ನಿಯಮ ಸಾಮಾನ್ಯ ಬೆಂಬಲಿಗನಿಗೂ ಅನ್ವಯಿಸುತ್ತದೆ.

ಈ ಸೇವೆಗಳ ದೊಡ್ಡ ಮಿತಿಯೆಂದರೆ ಅವು ತೋರಿಸುವುದು ಅಭ್ಯರ್ಥಿ ಘೋಷಿಸಿದ್ದನ್ನು, ನಿಜವೆಂದು ಪರೀಕ್ಷಿಸಿದ್ದನ್ನಲ್ಲ. ಸುಳ್ಳು ಪ್ರಮಾಣಪತ್ರಕ್ಕೆ ಜನಪ್ರತಿನಿಧಿ ಕಾಯ್ದೆಯ 125ಎ ಕಲಮಿನಡಿ ಆರು ತಿಂಗಳವರೆಗೆ ಸೆರೆ ಅಥವಾ ದಂಡ ಅಥವಾ ಎರಡನ್ನೂ ವಿಧಿಸಬಹುದು, ಆಯ್ಕೆಯನ್ನು ಪ್ರಶ್ನಿಸಲು ಹೈಕೋರ್ಟಿಗೆ ಚುನಾವಣಾ ಅರ್ಜಿಯೂ ಇದೆ. ಆದರೆ ಎಷ್ಟು ಕಾಲ ಹಿಡಿಯುತ್ತದೆ ಎಂಬುದಕ್ಕೆ ಹಾಸನದ ಉದಾಹರಣೆ ನಮ್ಮ ಮುಂದಿದೆ. 2019ರಲ್ಲಿ ಗೆದ್ದ ಪ್ರಜ್ವಲ್ ರೇವಣ್ಣ ಅವರ ಆಯ್ಕೆಯನ್ನು ಪ್ರಮಾಣಪತ್ರದಲ್ಲಿ ಆಸ್ತಿ ವಿವರ ಮುಚ್ಚಿಟ್ಟದ್ದೂ ಸೇರಿದ ಕಾರಣಗಳಿಗಾಗಿ ಕರ್ನಾಟಕ ಹೈಕೋರ್ಟ್ 2023ರ ಸೆಪ್ಟೆಂಬರ್ 1ರಂದು ಅಸಿಂಧುಗೊಳಿಸಿತು, ಅದೇ ತಿಂಗಳು ಸುಪ್ರೀಂ ಕೋರ್ಟ್ ಆ ತೀರ್ಪಿಗೆ ತಡೆ ನೀಡಿತು. ಐದು ವರ್ಷದ ಅವಧಿಯ ಬಹುಭಾಗ ಅಷ್ಟರಲ್ಲಿ ಮುಗಿದಿತ್ತು. ಹೀಗಿರುವಾಗ 'ಕಾಗದದಲ್ಲಿ ಇಲ್ಲ, ಆದ್ದರಿಂದ ಆಸ್ತಿಯೇ ಇಲ್ಲ' ಎನ್ನುವ ಬೆಂಬಲಿಗನ ವಾದವನ್ನೂ ಒಪ್ಪಬೇಕಾಗಿಲ್ಲ.

ಅಭ್ಯರ್ಥಿ ಕೆಲಸ ಮಾಡಿದ್ದಾರೆಯೇ ಎಂಬುದಕ್ಕೆ ಇವೆರಡರಲ್ಲೂ ಉತ್ತರವಿಲ್ಲ. ಸಂಸದರ ಹಾಜರಾತಿ ಮತ್ತು ಪ್ರಶ್ನೆಗಳಿಗೆ ಪಿಆರ್‌ಎಸ್ ಲೆಜಿಸ್ಲೇಟಿವ್ ರಿಸರ್ಚ್ ಸಂಸ್ಥೆಯ ಪುಟಗಳನ್ನು ನೋಡಬಹುದು. ಸಚಿವರು ಹಾಜರಾತಿ ಪುಸ್ತಕಕ್ಕೆ ಸಹಿ ಮಾಡುವುದಿಲ್ಲವಾದ್ದರಿಂದ ಅವರ ಅಂಕಣ ಖಾಲಿ ಇರುವುದನ್ನು ಗೈರುಹಾಜರಿಯೆಂದು ತೋರಿಸಬಾರದು.

ಕನ್ನಡಿಗರ ದೃಷ್ಟಿಯಿಂದ ಎರಡರಲ್ಲೂ ದೊಡ್ಡ ಕೊರತೆಯಿದೆ. ಪೋರ್ಟಲ್‌ನಲ್ಲಿರುವುದು ಸ್ಕ್ಯಾನ್ ಮಾಡಿದ ಪುಟಗಳು, ಅವುಗಳಲ್ಲಿ ಒಂದು ಪದವನ್ನು ಹುಡುಕುವುದೂ ಕಷ್ಟ, ಕೈಬರಹವಿದ್ದರೆ ಸಣ್ಣ ಪರದೆಯಲ್ಲಿ ಓದುವುದು ಇನ್ನೂ ಕಷ್ಟ. ಮೈನೇತಾದಲ್ಲಿ ನಾನು ಬಳಸಿದ ಕೋಷ್ಟಕಗಳು ಇಂಗ್ಲಿಷಿನಲ್ಲಿವೆ, ಕಲಮುಗಳ ವಿವರಣೆಯೂ ಇಂಗ್ಲಿಷಿನಲ್ಲಿದೆ. ಸ್ಥಳೀಯ ಗುಂಪುಗಳಲ್ಲಿ ಕನ್ನಡದಲ್ಲಿಯೇ ವಾದಿಸುವ ಹೆಚ್ಚಿನ ಜನರಿಗೆ ಅದನ್ನು ಯಾರಾದರೂ ಬಿಡಿಸಿ ಹೇಳಬೇಕಾಗುತ್ತದೆ, ಬಿಡಿಸಿ ಹೇಳುವವರು ಹೆಚ್ಚಾಗಿ ಯಾವುದೋ ಒಂದು ಪಕ್ಷದವರೇ ಆಗಿರುತ್ತಾರೆ. ನಮೂನೆ 26ರ ಕೊನೆಯಲ್ಲಿರುವ ಸಾರಾಂಶದ ಭಾಗವನ್ನಾದರೂ ಹುಡುಕಲು ಬರುವ ಕನ್ನಡ ಪಠ್ಯವಾಗಿ ಆಯೋಗ ಕೊಡಬೇಕು.

ಆದರೂ ಪ್ರಮಾಣಪತ್ರವನ್ನು ಮುಂದಿಟ್ಟ ಮೇಲೆ ವಾದದ ಸ್ವರೂಪ ಬದಲಾಗುವುದನ್ನು ನಾನು ಕಂಡಿದ್ದೇನೆ. ಎದುರಿನವರು ಮತ ಬದಲಿಸುವುದು ಅಪರೂಪ, ಆದರೆ ಜಾತಿಯ ಮೇಲೆ, ತಾಯಿ ತಂದೆಯ ಮೇಲೆ ಹರಿಯುತ್ತಿದ್ದ ಮಾತು ಪುಟ ಮತ್ತು ಅಂಕಣಗಳಿಗೆ ತಿರುಗುತ್ತದೆ, ಸುಮ್ಮನೆ ಓದುತ್ತಿದ್ದವರಲ್ಲಿ ಕೆಲವರು ಮೂಲ ಕಾಗದವನ್ನು ಕೇಳುತ್ತಾರೆ. ಹೋಲಿಕೆಗೆ ಮೈನೇತಾ, ಸಾಕ್ಷ್ಯಕ್ಕೆ ಆಯೋಗದ ಪೋರ್ಟಲ್ ಎಂದು ಪಾಲು ಮಾಡಿಕೊಂಡು ಬಳಸುವವರಿಗೆ ಇವೆರಡನ್ನೂ ನಾನು ನಿಸ್ಸಂಕೋಚವಾಗಿ ಶಿಫಾರಸು ಮಾಡುತ್ತೇನೆ. ನಾಮಪತ್ರ ಹಿಂತೆಗೆದುಕೊಳ್ಳುವ ದಿನ ಮುಗಿದೊಡನೆ ನಿಮ್ಮ ಕ್ಷೇತ್ರದ ಎಲ್ಲ ಪ್ರಮುಖ ಅಭ್ಯರ್ಥಿಗಳ ಪ್ರಮಾಣಪತ್ರಗಳನ್ನು ಇಳಿಸಿಟ್ಟುಕೊಳ್ಳಿ, ನಿಮ್ಮವರದನ್ನೂ ಸೇರಿಸಿ.