ಮಿಕ್ಸಿಂಗ್‌ನಿಂದ ಬಿಡುಗಡೆಯವರೆಗೆ ‘ಎಲ್ಲವನ್ನೂ ನಮಗೆ ಬಿಡಿ’ ಎನ್ನುವವರಿಗೆ ಹಾಡು ಒಪ್ಪಿಸುವ ಮುನ್ನ

ಮನೆಯ ಕೋಣೆಯಲ್ಲೇ ಗಿಟಾರ್ ನುಡಿಸಿ, ಹಾಡಿ, ಎರಡು ಚಾನೆಲ್‌ಗಳ ಆಡಿಯೊ ಇಂಟರ್‌ಫೇಸ್ ಒಂದರ ನೆರವಿನಿಂದ ಸ್ವಂತ ಹಾಡುಗಳನ್ನು ಧ್ವನಿಮುದ್ರಿಸಿಕೊಳ್ಳುವವರಿಗೆ ನುಡಿಸುವ ಹಂತ ಅಷ್ಟೇನೂ ಕಷ್ಟವೆನಿಸುವುದಿಲ್ಲ. ಬಳಲಿಸುವುದು ಆನಂತರದ ಕೆಲಸ: ಬೇರೆ ಬೇರೆಯಾಗಿ ಮುದ್ರಿಸಿದ ಟ್ರ್ಯಾಕ್‌ಗಳನ್ನು ಹದವಾಗಿ ಬೆರೆಸುವ ಮಿಕ್ಸಿಂಗ್ ಮತ್ತು ಬೆರೆತ ಹಾಡಿಗೆ ಬಿಡುಗಡೆಗೆ ಮುನ್ನ ಕೊನೆಯ ಹದ ಕೊಡುವ ಮಾಸ್ಟರಿಂಗ್. ಸರಿಯಾಗಿ ಅದೇ ಹೊತ್ತಿಗೆ ‘ನಿಮ್ಮ ಟ್ರ್ಯಾಕ್‌ಗಳನ್ನು ಕಳುಹಿಸಿ, ಉಳಿದುದನ್ನು ನಮಗೆ ಬಿಡಿ’ ಎನ್ನುವ ಜಾಹೀರಾತುಗಳು ಕಣ್ಣಿಗೆ ಬೀಳುತ್ತವೆ. ಮಿಕ್ಸಿಂಗ್, ಮಾಸ್ಟರಿಂಗ್, ಎಲ್ಲ ವೇದಿಕೆಗಳಲ್ಲಿ ಬಿಡುಗಡೆ, ಯೂಟ್ಯೂಬಿನಲ್ಲಿ ‘ಹಕ್ಕುರಕ್ಷಣೆ’ ಇವೆಲ್ಲವನ್ನೂ ಒಂದೇ ಮೊತ್ತಕ್ಕೆ ಮಾಡಿಕೊಡುವುದಾಗಿ ಹೇಳಿದ ಅಂಥ ಒಂದು ಸೇವೆಯಿಂದ ನಾನು ಪಟ್ಟ ಪಾಡನ್ನು ಇಲ್ಲಿ ದಾಖಲಿಸುತ್ತಿದ್ದೇನೆ. ಇಂಥವರ ಹೆಸರು ಬದಲಾದರೂ ರೀತಿ ಒಂದೇ ಆಗಿರುವುದರಿಂದ, ಹೆಸರನ್ನು ಬಿಟ್ಟು ರೀತಿಯನ್ನಷ್ಟೇ ವಿವರಿಸುತ್ತೇನೆ.

ಹಣ ಕೇಳುವ ಮೊದಲು ಅವರು ಹಾಡಿನ ಒಂದು ತುಣುಕನ್ನು ಉಚಿತವಾಗಿ ಮಾಸ್ಟರ್ ಮಾಡಿ ಕಳುಹಿಸುತ್ತಾರೆ. ಕೇಳಿದ ಕೂಡಲೇ ಅದು ನಮ್ಮ ಮಿಕ್ಸ್‌ಗಿಂತ ತುಂಬಿಕೊಂಡಂತೆ, ಹೊಳಪಾಗಿ ಕೇಳಿಸುತ್ತದೆ. ಒಂದೇ ಧ್ವನಿಯನ್ನು ಎರಡು ಮಟ್ಟಗಳಲ್ಲಿ ಕೇಳಿಸಿದರೆ ಜೋರಾಗಿರುವುದೇ ಉತ್ತಮವೆಂದು ಕಿವಿ ತೀರ್ಮಾನಿಸಿಬಿಡುತ್ತದೆ ಎಂಬುದು ಈ ಮಾದರಿಯ ಹಿಂದಿರುವ ಗುಟ್ಟು. ಲೌಡ್‌ನೆಸ್ ಮೀಟರಿನಲ್ಲಿ ಅಳೆದಾಗ ನನ್ನ ಮಿಕ್ಸ್ ಮೈನಸ್ 18 ಎಲ್‌ಯುಎಫ್‌ಎಸ್ (ಕಿವಿಗೆ ತೋರುವ ಒಟ್ಟಾರೆ ಜೋರನ್ನು ಅಳೆಯುವ ಮಾನ; ಸೊನ್ನೆಗೆ ಹತ್ತಿರವಾದಷ್ಟೂ ಜೋರು) ಆಸುಪಾಸಿನಲ್ಲಿದ್ದರೆ ಅವರ ಮಾದರಿ ಮೈನಸ್ 7ರಲ್ಲಿತ್ತು. ಅದನ್ನು 11 ಡೆಸಿಬೆಲ್ ತಗ್ಗಿಸಿ, ಎರಡನ್ನೂ ಸಮಮಟ್ಟದಲ್ಲಿಟ್ಟು ಕೇಳಿದಾಗ ಚಿತ್ರವೇ ಬದಲಾಯಿತು. ಬೆರಳಿನಿಂದ ಮೀಟಿದ ತಂತಿಯ ಮೊದಲ ಹೊಡೆತ ಮೊಂಡಾಗಿತ್ತು. ದಪ್ಪ ತಂತಿಗಳ ಮೇಲೆ ಬೆರಳು ಜಾರುವಾಗಿನ ಕಿರುಗುಟ್ಟುವಿಕೆ ಸ್ವರದಷ್ಟೇ ಎದ್ದು ಬಂದಿತ್ತು. ಎರಡು ಸಾಲುಗಳ ನಡುವೆ ಎಳೆದುಕೊಂಡ ಉಸಿರು ಹಾಡಿಗಿಂತ ಮುಂದೆ ನಿಂತಿತ್ತು. ಧ್ವನಿಯ ಏರುಗಳು ಮಿತಿ ದಾಟದಂತೆ ತಡೆಯುವ ಲಿಮಿಟರಿಗೆ ಹಾಡನ್ನು ವಿಪರೀತ ಒತ್ತಿದರೆ ಆಗುವುದೇ ಇದು. ಗಾಢ ಡಿಸ್ಟಾರ್ಷನ್‌ನ ಸಂಗೀತಕ್ಕೆ ಅಷ್ಟು ಒತ್ತಡ ಒಪ್ಪಬಹುದು. ಅಕೌಸ್ಟಿಕ್ ಗಿಟಾರಿಗೆ ಒಪ್ಪುವುದಿಲ್ಲ.

ಇಷ್ಟಕ್ಕೂ ಆ ಜೋರು ಕೇಳುಗನನ್ನು ಮುಟ್ಟುವುದೇ ಇಲ್ಲ. ಜೋರಿನ ಮಟ್ಟ ಹೊಂದಿಸುವ ಸೌಲಭ್ಯವನ್ನು ಕೇಳುಗ ತಾನಾಗಿಯೇ ಬದಲಿಸಿಯೋ ನಿಲ್ಲಿಸಿಯೋ ಇರದಿದ್ದರೆ ಸ್ಪಾಟಿಫೈ ಹಾಡುಗಳನ್ನು ಮೈನಸ್ 14 ಎಲ್‌ಯುಎಫ್‌ಎಸ್ ಮಟ್ಟಕ್ಕೆ ಹೊಂದಿಸಿ ನುಡಿಸುತ್ತದೆ. ಯೂಟ್ಯೂಬ್ ಕೂಡ ಜೋರಾದವನ್ನು ತಗ್ಗಿಸುತ್ತದೆ. ಆದ್ದರಿಂದ ಮೈನಸ್ 7ರ ಮಾಸ್ಟರ್ ಸುಮಾರು 7 ಡೆಸಿಬೆಲ್ ತಗ್ಗಿಯೇ ಹೊರಬರುತ್ತದೆ, ಆದರೆ ಮೊಂಡಾದ ಹೊಡೆತ ಮರಳುವುದಿಲ್ಲ. ಇದನ್ನು ಬರೆದು ತಿಳಿಸಿದಾಗ, ಅದು ಕೇವಲ ಮಾದರಿಯೆಂದೂ ಪೂರ್ಣ ಕೆಲಸವನ್ನು ಅನುಭವಿ ಎಂಜಿನಿಯರ್ ಒಬ್ಬರು ಟ್ರ್ಯಾಕ್‌ಗಳನ್ನು ಬಿಡಿಬಿಡಿಯಾಗಿ ಪಡೆದು ಮಾಡುವರೆಂದೂ ಉತ್ತರ ಬಂತು. ಅದರಂತೆ 24 ಬಿಟ್, 48 ಕಿಲೊಹರ್ಟ್ಸ್‌ನ ವೇವ್ ಫೈಲುಗಳೆಲ್ಲವನ್ನೂ ಕಳುಹಿಸಿ ಹಣ ಪಾವತಿಸಿದೆ.

ಬಂದ ಮಿಕ್ಸ್‌ನಲ್ಲಿ ಸ್ನೇರ್ ಡ್ರಮ್ ಗಾಯನವನ್ನು ಮುಚ್ಚುತ್ತಿತ್ತು. ಅದನ್ನು ತಗ್ಗಿಸಲು ಕೋರಿದಾಗ ‘ಪರಿಷ್ಕೃತ’ ಎಂಬ ಹೆಸರಿನ ಫೈಲ್ ಬಂತು, ಆದರೆ ಕಿವಿಗೆ ವ್ಯತ್ಯಾಸ ಸಿಗಲಿಲ್ಲ. ಇಂಥ ಅನುಮಾನ ಬಂದಾಗ ಮಾಡಬೇಕಾದ ಪರೀಕ್ಷೆ ಬಹಳ ಸರಳ. ಹಳೆಯ ಮತ್ತು ಹೊಸ ಫೈಲುಗಳನ್ನು ಎರಡು ಟ್ರ್ಯಾಕ್‌ಗಳಲ್ಲಿ ಒಂದೇ ಬಿಂದುವಿನಿಂದ ಆರಂಭವಾಗುವಂತೆ ಇಟ್ಟು, ಒಂದರ ಪೊಲಾರಿಟಿಯನ್ನು ತಿರುಗಿಸಿ (ಅಂದರೆ ಧ್ವನಿತರಂಗದ ಏರನ್ನು ಇಳಿವಾಗಿ, ಇಳಿವನ್ನು ಏರಾಗಿ ಮಾಡಿ), ಎರಡನ್ನೂ ಒಟ್ಟಿಗೆ ನುಡಿಸಬೇಕು. ಎರಡರಲ್ಲೂ ಸಮಾನವಾಗಿರುವುದೆಲ್ಲ ಪರಸ್ಪರ ಅಳಿಸಿಹೋಗಿ, ಬದಲಾದದ್ದು ಮಾತ್ರ ಕೇಳಿಸುತ್ತದೆ. ಸ್ನೇರ್ ಒಂದನ್ನೇ ತಗ್ಗಿಸಿದ್ದರೆ ಮುಖ್ಯವಾಗಿ ಸ್ನೇರ್ ಕೇಳಿಸಬೇಕಿತ್ತು. ನನಗೆ ಕೇಳಿಸಿದ್ದು ಇಡೀ ಹಾಡು, ಬಹಳ ಮೆಲ್ಲಗೆ. ಹೊಸ ಫೈಲನ್ನು 1 ಡೆಸಿಬೆಲ್ ಏರಿಸಿದೊಡನೆ ಅದೂ ಇಲ್ಲವಾಗಿ ಮೀಟರ್ ತಳ ಬಿಟ್ಟು ಏಳಲಿಲ್ಲ. ಅಂದರೆ ಹಳೆಯ ಫೈಲನ್ನೇ 1 ಡೆಸಿಬೆಲ್ ತಗ್ಗಿಸಿ, ಹೊಸ ಹೆಸರಿಟ್ಟು ಕಳುಹಿಸಲಾಗಿತ್ತು. ಈ ಪುರಾವೆಯನ್ನು ಮುಂದಿಟ್ಟರೂ ಸಮಜಾಯಿಷಿ ಬರಲಿಲ್ಲ. ‘ಉಚಿತ ಪರಿಷ್ಕರಣೆಗಳು ಮುಗಿದಿವೆ’ ಎಂಬ ಒಂದು ಸಾಲು ಮಾತ್ರ ಬಂತು.

ಗಿಟಾರ್ ವಾದಕರು ಗಮನಿಸಬೇಕಾದ ಇನ್ನೊಂದು ಸಂಗತಿಯಿದೆ. ರಿದಮ್ ಗಿಟಾರನ್ನು ನಾನು ಎರಡು ಸಲ ಪ್ರತ್ಯೇಕವಾಗಿ ನುಡಿಸಿ, ಎಡಕ್ಕೊಂದು ಬಲಕ್ಕೊಂದು ಇರಲೆಂದು ಎರಡು ಫೈಲುಗಳನ್ನು ಕೊಟ್ಟಿದ್ದೆ. ಅವರು ಒಂದನ್ನೇ ನಕಲು ಮಾಡಿ, ಕೆಲವು ಮಿಲಿಸೆಕೆಂಡು ತಡಮಾಡಿ ಎರಡೂ ಬದಿಗಿಟ್ಟಿದ್ದರು. ಹೆಡ್‌ಫೋನಿನಲ್ಲಿ ಇದು ಅಗಲವಾಗಿಯೇ ಕೇಳಿಸುತ್ತದೆ. ಮಿಕ್ಸನ್ನು ಮೊನೊ ಮಾಡಿದರೆ, ಅಂದರೆ ಎಡಬಲಗಳನ್ನು ಒಂದೇ ಚಾನೆಲ್ಲಿಗೆ ಸೇರಿಸಿದರೆ, ಕೆಲವು ಆವರ್ತನಗಳು ಅಳಿಸಿಹೋಗಿ ಗಿಟಾರ್ ಟೊಳ್ಳಾಗುತ್ತದೆ. ಕೆಲಸ ಒಪ್ಪಿಕೊಳ್ಳುವ ಮೊದಲು ಒಮ್ಮೆ ಮೊನೊದಲ್ಲಿ ಕೇಳಿ.

ಇಷ್ಟೇ ಆಗಿದ್ದರೆ ಹಣ ಹೋಯಿತೆಂದು ಸುಮ್ಮನಿರಬಹುದಿತ್ತು. ಆದರೆ ನಾನು ಅಂತಿಮ ಮಿಕ್ಸನ್ನು ಒಪ್ಪಿಕೊಳ್ಳುವ ಮೊದಲೇ ಅವರು ಹಾಡನ್ನು ತಮ್ಮ ಖಾತೆಯಿಂದ ಬಿಡುಗಡೆ ಮಾಡಿ, ಕಂಟೆಂಟ್ ಐಡಿಗೂ ಸೇರಿಸಿದ್ದರು. ಯೂಟ್ಯೂಬಿಗೆ ಏರುವ ಪ್ರತಿ ವಿಡಿಯೊದ ಧ್ವನಿಯನ್ನು ಹಕ್ಕುದಾರರು ಒಪ್ಪಿಸಿದ ಮೂಲ ಫೈಲುಗಳೊಂದಿಗೆ ಹೋಲಿಸಿ, ಹೊಂದಿಕೆ ಕಂಡಲ್ಲಿ ತಾನಾಗಿಯೇ ಹಕ್ಕುಕೋರಿಕೆ ಹಾಕುವ ವ್ಯವಸ್ಥೆ ಅದು. ಮೊದಲ ಏಟು ಬಿದ್ದದ್ದು ನನ್ನದೇ ಚಾನೆಲ್ಲಿನಲ್ಲಿ ನಾನೇ ಹಾಕಿದ್ದ ಅದೇ ಹಾಡಿನ ವಿಡಿಯೊಗೆ. ಅದರ ಜಾಹೀರಾತು ಆದಾಯವನ್ನು ಅವರ ಕಡೆಗೆ ತಿರುಗಿಸಲಾಯಿತು. ಎರಡನೆಯದು ಇನ್ನೂ ಕೆಟ್ಟದು. ಮನೆಯಲ್ಲಿ ಡ್ರಮ್ಸ್ ನುಡಿಸಲಾಗದ ಬಹುತೇಕ ಗಿಟಾರ್ ವಾದಕರಂತೆ ನಾನೂ ರಾಯಲ್ಟಿರಹಿತ ಡ್ರಮ್ ಲೂಪ್‌ಗಳನ್ನು (ಪರವಾನಗಿ ಪಡೆದವರು ಪ್ರತಿ ಬಳಕೆಗೂ ಹಣ ಕೊಡಬೇಕಿಲ್ಲದ, ಮೊದಲೇ ನುಡಿಸಿಟ್ಟ ಡ್ರಮ್ಸ್ ತುಣುಕುಗಳನ್ನು) ಬಳಸಿದ್ದೆ, ಮತ್ತು ಅದನ್ನು ಅವರಿಗೆ ಬರೆದೂ ತಿಳಿಸಿದ್ದೆ. ಅಂಥ ಲೂಪನ್ನು ಹಾಡಿನಲ್ಲಿ ಬಳಸಲು ಪರವಾನಗಿ ಇರುತ್ತದೆ, ಆದರೆ ಅದೇ ಪರವಾನಗಿ ಸಾವಿರಾರು ಜನರ ಬಳಿಯೂ ಇರುತ್ತದೆ. ಕಂಟೆಂಟ್ ಐಡಿಗೆ ಒಪ್ಪಿಸುವ ಧ್ವನಿಯ ಮೇಲೆ ಅನನ್ಯ ಹಕ್ಕು ಇರಲೇಬೇಕೆಂಬ ನಿಯಮವಿರುವುದು ಇದೇ ಕಾರಣಕ್ಕೆ. ನನ್ನ ಹಾಡಿನ ಆರಂಭದಲ್ಲಿ ನಾಲ್ಕು ಬಾರ್‌ಗಳಷ್ಟು ಡ್ರಮ್ಸ್ ಒಂದೇ ಇದ್ದುದರಿಂದ, ಅದೇ ಲೂಪನ್ನು ನ್ಯಾಯವಾಗಿ ಬಳಸಿದ್ದ ಅಪರಿಚಿತರೊಬ್ಬರ ವಿಡಿಯೊಗೆ ನನ್ನ ಹಾಡಿನ ಹೆಸರಿನಲ್ಲಿ ಹಕ್ಕುಕೋರಿಕೆ ಬಿತ್ತು. ‘ನಿಮ್ಮದಲ್ಲದ್ದನ್ನು ನಿಮ್ಮದೆಂದು ಏಕೆ ಹೇಳಿಕೊಳ್ಳುತ್ತಿದ್ದೀರಿ?’ ಎಂದು ಅವರು ಕೇಳಿದ್ದು ನನ್ನನ್ನೇ, ಏಕೆಂದರೆ ಅವರಿಗೆ ಕಂಡ ಕಲಾವಿದನ ಹೆಸರು ನನ್ನದು. ಕೋರಿಕೆಯನ್ನು ಪ್ರಶ್ನಿಸಿದರೂ, ಹಕ್ಕು ಕೋರಿದವರಿಗೆ ಉತ್ತರಿಸಲು 30 ದಿನಗಳ ಕಾಲಾವಕಾಶ ಇರುತ್ತದೆ, ಮತ್ತು ಇಂಥ ಸೇವೆಗಳು ಆ ಅವಧಿಯನ್ನು ಕೊನೆಯವರೆಗೂ ಎಳೆಯುತ್ತವೆ.

ಹಾಡನ್ನು ಹಿಂದೆಗೆಯಿರಿ ಎಂದಾಗ ‘ತೆಗೆದುಹಾಕುವ ಶುಲ್ಕ’ ಎಂಬ ಹೊಸ ಬಾಬ್ತು ಹುಟ್ಟಿಕೊಂಡಿತು. ಕೊಟ್ಟವನು ಕೋಡಂಗಿ, ಇಸಕೊಂಡವನು ಈರಭದ್ರ! ಜೊತೆಗೆ, ಐಎಸ್‌ಆರ್‌ಸಿ ಸಂಖ್ಯೆ ತಾವು ಕೊಟ್ಟದ್ದಾದ್ದರಿಂದ ಧ್ವನಿಮುದ್ರಣವೂ ತಮ್ಮದೇ ಎಂಬ ವಾದ ಬೇರೆ. ಇದನ್ನು ಯಾರೂ ನಂಬಬೇಕಿಲ್ಲ. ಐಎಸ್‌ಆರ್‌ಸಿ ಒಂದು ಧ್ವನಿಮುದ್ರಣವನ್ನು ಗುರುತಿಸುವ 12 ಅಕ್ಷರಾಂಕಗಳ ಸಂಕೇತವಷ್ಟೇ. ಅದನ್ನು ಯಾರು ಕೊಟ್ಟರೆಂಬುದರಿಂದ ಒಡೆತನ ತೀರ್ಮಾನವಾಗುವುದಿಲ್ಲ. ಮೂಲ ಪ್ರಾಜೆಕ್ಟ್ ಫೈಲು, ಸಂಸ್ಕರಿಸದ ಗಿಟಾರ್ ಟ್ರ್ಯಾಕ್‌ಗಳು, ಹಾಡಿ ಬಿಟ್ಟ ಅರೆಬರೆ ಟೇಕ್‌ಗಳು, ಲೂಪ್‌ನ ಪರವಾನಗಿ ಪತ್ರ, ಇವುಗಳನ್ನು ಅಳಿಸದೆ ಇಟ್ಟುಕೊಂಡಿದ್ದುದರಿಂದಲೇ ನನ್ನ ಪಕ್ಷ ನಿಂತಿತು. ಡಿಸ್ಕ್‌ನಲ್ಲಿ ಜಾಗ ಸಾಲದೆಂದು ಇಂಥವನ್ನು ಅಳಿಸುವ ಅಭ್ಯಾಸವಿರುವವರು ಒಮ್ಮೆ ಯೋಚಿಸಲಿ.

ಮಿಕ್ಸಿಂಗ್ ಮಾಡುವವರೂ ಬಿಡುಗಡೆ ಮಾಡುವವರೂ ಬೇರೆ ಬೇರೆಯಾಗಿರುವುದೇ ಕ್ಷೇಮ ಎಂಬುದು ನನ್ನ ದೃಢ ಅಭಿಪ್ರಾಯ. ಒಬ್ಬರೊಡನೆ ಮನಸ್ತಾಪವಾದರೂ ಹಾಡು ಅವರ ಕೈಯಲ್ಲಿ ಸಿಕ್ಕಿಕೊಳ್ಳುವುದಿಲ್ಲ. ಬಿಡುಗಡೆಯ ಖಾತೆ ನಿಮ್ಮದೇ ಹೆಸರಿನಲ್ಲಿರಲಿ, ಮತ್ತು ಲೂಪ್ ಬಳಸಿದ ಹಾಡಿಗೆ ಕಂಟೆಂಟ್ ಐಡಿ ಆಯ್ಕೆಯನ್ನು ಒತ್ತಲೇಬೇಡಿ.

ಈಗಾಗಲೇ ಇಂಥ ಸುಳಿಯಲ್ಲಿ ಸಿಲುಕಿದವರು ಹೊರಬರುವ ಕ್ರಮವನ್ನು ಹಿಂದುಮುಂದು ಮಾಡಬಾರದು. ಮೊದಲು ಕಂಟೆಂಟ್ ಐಡಿ ನೋಂದಣಿಯನ್ನು ರದ್ದುಪಡಿಸಲು ಲಿಖಿತವಾಗಿ ಕೇಳಿ, ಏಕೆಂದರೆ ಇತರರಿಗೆ ಆಗುತ್ತಿರುವ ತೊಂದರೆ ನಿಲ್ಲಬೇಕಾದದ್ದು ಅಲ್ಲಿ. ಅನಂತರ ಅದೇ ಆಡಿಯೊ ಫೈಲನ್ನು, ಅದೇ ಶೀರ್ಷಿಕೆ ಮತ್ತು ಅದೇ ಐಎಸ್‌ಆರ್‌ಸಿಯೊಂದಿಗೆ ನಿಮ್ಮ ಸ್ವಂತ ಖಾತೆಯಿಂದ ಮತ್ತೆ ಏರಿಸಿ. ಹೊಸ ಪ್ರತಿ ವೇದಿಕೆಗಳಲ್ಲಿ ಕಾಣಿಸಿಕೊಂಡು, ಹಳೆಯ ಆಲಿಕೆಗಳ ಲೆಕ್ಕ ಅದಕ್ಕೆ ಸೇರಿರುವುದು ಖಚಿತವಾದ ಮೇಲಷ್ಟೇ ಹಳೆಯದನ್ನು ತೆಗೆಸಿ. ಸರಿಯಾದ ಮಿಕ್ಸ್ ಏರಿಸುವ ಆತುರವಿದ್ದರೂ ಈ ಹಂತದಲ್ಲಿ ಅದನ್ನು ತಡೆಹಿಡಿಯಿರಿ. ಆಡಿಯೊ ಬದಲಾದರೆ ವೇದಿಕೆಗಳು ಅದನ್ನು ಬೇರೆಯೇ ಧ್ವನಿಮುದ್ರಣವೆಂದು ಪರಿಗಣಿಸುವುದರಿಂದ, ಹೊಸ ಮಿಕ್ಸ್‌ಗೆ ಹೊಸ ಐಎಸ್‌ಆರ್‌ಸಿ ಪಡೆದು ಪ್ರತ್ಯೇಕವಾಗಿಯೇ ಬಿಡುಗಡೆ ಮಾಡಬೇಕಾಗುತ್ತದೆ.