ಕಾರ್ಬನ್ ಡಾಟ್ ಕಿಟ್: ನೀಲಿ ಸಲೀಸು, ಕೆಂಪಿಗೆ ಬೆವರು ಹರಿಸಬೇಕು

ಕಾಲೇಜು ಲ್ಯಾಬ್‌ಗಳಿಗೆಂದು ಮಾರುವ ಈ ಕಾರ್ಬನ್ ಡಾಟ್ (ನೇರಳಾತೀತ ಬೆಳಕಿನಲ್ಲಿ ಹೊಳೆಯುವ ಇಂಗಾಲದ ಅತಿಸೂಕ್ಷ್ಮ ಕಣ) ತಯಾರಿಸುವ ಕಿಟ್ಟನ್ನು ಮಡಿಕೇರಿ, ಪೊನ್ನಂಪೇಟೆ ಕಡೆ ತರಿಸುವವರು ಗಮನಿಸಿ. ಡಬ್ಬಿಯಲ್ಲಿ ಸಿಟ್ರಿಕ್ ಆಮ್ಲ, ಎಥಿಲೀನ್‌ಡೈಅಮೀನ್, ಯೂರಿಯಾ, ಪ್ಯಾರಾ-ಫಿನೈಲೀನ್‌ಡೈಅಮೀನ್, ಟೆಫ್ಲಾನ್ ಒಳಪಾತ್ರೆಯ 50 ಮಿ.ಲೀ. ಆಟೋಕ್ಲೇವ್ (ಬಿಗಿಯಾಗಿ ಮುಚ್ಚಿ ಕಾಯಿಸುವ ಒತ್ತಡದ ಪಾತ್ರೆ), 365 ನ್ಯಾನೋಮೀಟರಿನ ನೇರಳಾತೀತ ಟಾರ್ಚ್ ಇವೆ. ಆಟೋಕ್ಲೇವ್ ಗಟ್ಟಿಮುಟ್ಟು, ಟಾರ್ಚೂ ಚೆನ್ನಾಗಿದೆ. ಎಡವಿರುವುದು ಕೈಪಿಡಿ.

ನೀಲಿ ಸುಲಭ. 1.05 ಗ್ರಾಂ ಸಿಟ್ರಿಕ್ ಆಮ್ಲ, 335 ಮೈಕ್ರೋಲೀಟರ್ ಎಥಿಲೀನ್‌ಡೈಅಮೀನ್, 10 ಮಿ.ಲೀ. ಭಟ್ಟಿ ಇಳಿಸಿದ ನೀರು. 200 ಡಿಗ್ರಿಯಲ್ಲಿ 5 ಗಂಟೆ. ಕಬ್ಬಿಣದಂಶದ ಬೋರ್‌ವೆಲ್ ನೀರು ಬೇಡವೇ ಬೇಡ, ಫೆರಿಕ್ ಅಯಾನು ಹೊಳಪನ್ನು ನುಂಗುತ್ತದೆ. ಈ ನೀಲಿಯಲ್ಲಿ ದೊಡ್ಡ ಪಾಲು ಕಣದ್ದಲ್ಲ, ಜೊತೆಗೇ ಹುಟ್ಟುವ ಪುಟ್ಟ ಅಣುವೊಂದರದ್ದು. ಅದನ್ನು ತೆಗೆಯಲು ಪುಟ್ಟ ಅಣುಗಳನ್ನಷ್ಟೇ ಹೊರಬಿಡುವ 1000 ಡಾಲ್ಟನ್ ಡಯಾಲಿಸಿಸ್ ಚೀಲ ಬೇಕು, ನೀರು ಬದಲಿಸುತ್ತಾ ಒಂದೆರಡು ದಿನ ಇಡಬೇಕು. ಚೀಲ ಕಿಟ್‌ನಲ್ಲಿಲ್ಲ. ಇಷ್ಟು ಬೆಲೆ ತೆಗೆದುಕೊಂಡು ಅದನ್ನೇ ಬಿಟ್ಟಿರುವುದು ತಪ್ಪು.

‘ಡೋಪಿಂಗ್ ಬದಲಿಸಿದರೆ ಬಣ್ಣ ಬದಲಾಗುತ್ತದೆ’ ಎಂಬ ಕೈಪಿಡಿಯ ಮಾತು ಅರ್ಧ ಸತ್ಯ. ಡೋಪಿಂಗ್ ಎಂದರೆ ಇಂಗಾಲದ ಕಣಕ್ಕೆ ನೈಟ್ರೋಜನ್‌ನಂಥ ಬೇರೆ ಧಾತು ಬೆರೆಸುವುದು. ಸಿಟ್ರಿಕ್ ಆಮ್ಲದ ಜೊತೆ ನೈಟ್ರೋಜನ್ ಸೇರಿದಾಗ ಮುಖ್ಯವಾಗಿ ಹೆಚ್ಚುವುದು ಹೊಳಪು. ಬಣ್ಣವನ್ನು ಕೆಂಪಿನತ್ತ ಎಳೆಯುವುದು ಕಣದೊಳಗಿನ ಸಂಯುಗ್ಮಿತ (ಏಕ, ದ್ವಿಬಂಧಗಳು ಸರದಿಯಲ್ಲಿ ಬರುವ) ಇಂಗಾಲದ ಹರವು ಮತ್ತು ಮೇಲ್ಮೈ. ಅಂದರೆ ಕಚ್ಚಾ ವಸ್ತು, ದ್ರಾವಕ, ಶಾಖ. 1 ಗ್ರಾಂ ಸಿಟ್ರಿಕ್ ಆಮ್ಲ, 2 ಗ್ರಾಂ ಯೂರಿಯಾವನ್ನು ನೀರಿನಲ್ಲಿ ಕಾಯಿಸಿದರೆ ನೀಲಿ-ಹಸಿರಿನ ಆಚೆ ಹೋಗುವುದು ಕಷ್ಟ. ಅದನ್ನೇ 10 ಮಿ.ಲೀ. ಡಿಎಂಎಫ್ (ಡೈಮೀಥೈಲ್‌ಫಾರ್ಮಮೈಡ್) ದ್ರಾವಕದಲ್ಲಿ 160 ಡಿಗ್ರಿಗೆ 4ರಿಂದ 6 ಗಂಟೆ ಇಟ್ಟರೆ ಕಚ್ಚಾ ವಸ್ತುವಿನ ಅಣುಗಳಿಂದ ನೀರಿನಂಶ ಹೆಚ್ಚು ಕಳೆದು ಕಿತ್ತಳೆಯತ್ತ ಸರಿಯುತ್ತದೆ. ಡಿಎಂಎಫ್ ವಿಷ, ಫ್ಯೂಮ್ ಹುಡ್ (ಆವಿಯನ್ನು ಹೊರಗೆಳೆಯುವ ಗೂಡು) ಇಲ್ಲದೆ ಮುಟ್ಟಬೇಡಿ.

ಕೆಂಪಿಗೆ ಪ್ಯಾರಾ-ಫಿನೈಲೀನ್‌ಡೈಅಮೀನ್: ಪ್ರತಿ ಮಿ.ಲೀ. ಎಥನಾಲಿಗೆ 10 ಮಿ.ಗ್ರಾಂ, 180 ಡಿಗ್ರಿ, 12 ಗಂಟೆ. ಪಾತ್ರೆಯ ಮೂರನೇ ಎರಡು ಭಾಗ ಮೀರಿ ತುಂಬಬೇಡಿ. ಓವನ್ನಿನಲ್ಲೇ ತಣಿಯಲಿ, ಬಿಸಿಯಿರುವಾಗ ಮುಚ್ಚಳ ತಿರುಗಿಸಬೇಡಿ. ಕೊಡಗಿನ ಮಳೆಗಾಲದಲ್ಲಿ 12 ಗಂಟೆ ಕರೆಂಟು ನಿಲ್ಲದಿರುವುದನ್ನು ನಂಬುವಂತಿಲ್ಲ, ನಡುವೆ ತಣಿದರೆ ಆ ಬ್ಯಾಚ್‌ನ ಬಣ್ಣಕ್ಕೆ ಭರವಸೆಯಿಲ್ಲ. ಜನರೇಟರ್ ಇಲ್ಲದ ಲ್ಯಾಬ್ ಇದನ್ನು ಜನವರಿ-ಫೆಬ್ರವರಿಗೆ ಇಟ್ಟುಕೊಳ್ಳಲಿ. ಪ್ಯಾರಾ-ಫಿನೈಲೀನ್‌ಡೈಅಮೀನ್ ಪುಡಿಯೂ ಗಾಳಿ ತಾಗಿ ಕಪ್ಪಾಗುತ್ತದೆ. ಡೆಸಿಕೇಟರಿನಲ್ಲಿಡಿ (ತೇವ ತಾಗದಂತೆ ಮುಚ್ಚಿಡುವ ಪಾತ್ರೆ), ಗಾಢ ಕಂದು ಬಣ್ಣಕ್ಕೆ ತಿರುಗಿದರೆ ಬಳಸಬೇಡಿ. ಎಥನಾಲಿನಲ್ಲಿ ಕಂಡ ಕೆಂಪು ನೀರಿಗೆ ಬಿದ್ದರೆ ಮಂಕಾಗುತ್ತದೆ, ಅದು ನಿಮ್ಮ ತಪ್ಪಲ್ಲ.

ಟಾರ್ಚ್ ಹಿಡಿಯುವ ಮೊದಲು ದ್ರಾವಣವನ್ನು ತೆಳುಗೊಳಿಸಿ. ಡಿಕಾಕ್ಷನ್‌ನಂತೆ ದಟ್ಟವಾಗಿದ್ದರೆ ಕ್ಯುವೆಟ್ಟಿನ (ದ್ರಾವಣ ಹಾಕಿ ನೋಡುವ ಪುಟ್ಟ ಪಾರದರ್ಶಕ ಪಾತ್ರೆಯ) ಟಾರ್ಚ್ ಕಡೆಯ ಅಂಚು ಮಾತ್ರ ಬೆಳಗಿ ಒಳಗೆ ಕತ್ತಲೆ. ಹೊರಟ ನೀಲಿಯನ್ನೂ ದ್ರಾವಣವೇ ಹೀರಿ, ನೋಡುವ ಕಣ್ಣಿಗೆ ಹಸಿರೆನಿಸುತ್ತದೆ. ಉದ್ದೀಪಿಸುವ ತರಂಗಾಂತರದಲ್ಲಿ (ಇಲ್ಲಿ 365 ನ್ಯಾನೋಮೀಟರ್) ಹೀರುವಿಕೆ (ಅಬ್ಸಾರ್ಬೆನ್ಸ್) 0.1ಕ್ಕಿಂತ ಕೆಳಗಿರಲಿ. ಆಗ ಕಂಡದ್ದೇ ನಿಜವಾದ ಬಣ್ಣ. ಕೈಪಿಡಿಯಲ್ಲಿ ಇದರ ಬಗ್ಗೆ ಒಂದು ಸಾಲೂ ಇಲ್ಲ.

ನೀಲಿಯಷ್ಟೇ ಸಾಕೆನ್ನುವವರು ಬರಿ ಆಟೋಕ್ಲೇವ್ ಕೊಂಡರೆ ಸಾಲದೇ? ಸಿಟ್ರಿಕ್ ಆಮ್ಲ ಯಾವ ರಾಸಾಯನಿಕ ಅಂಗಡಿಯಲ್ಲಾದರೂ ಸಿಗುತ್ತದೆ. ಕಿತ್ತಳೆ ರಸಕ್ಕೆ ಎಥನಾಲ್ ಬೆರೆಸಿ 120 ಡಿಗ್ರಿಯಲ್ಲಿ ಎರಡೂವರೆ ಗಂಟೆ ಕಾಯಿಸಿದರೂ ಹೊಳೆಯುವ ಡಾಟ್‌ಗಳು ಸಿಗುತ್ತವೆ, ಕೊಡಗಿನ ಕಿತ್ತಳೆಯ ಸುಗ್ಗಿಯಲ್ಲಿ ಮಾಡಿ ನೋಡಿ.